ಆಸಾಡಿ ಅಮಾಸೆಯ ಕಷಾಯ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಅವರಿಗೆ ಆ ಖುಷಿ ಯಾಕೆ ಕೊಡಬೇಕು? ಪಕ್ಕದ ಮನೆಯವರು ಹೊಸ ಮಿಕ್ಸಿ ತಂದರೆ ಒಂದು ವಾರ ಅದು ನನ್ನ ತಲೆಯೊಳಗೇ ತಿರುಗುತ್ತದೆ. ಆದರೆ ನನ್ನ ಓರಗಿತ್ತಿಯ ಮೇಲೆ ಇದ್ದದ್ದು ಮಿಕ್ಸಿಯ ಹೊಟ್ಟೆಕಿಚ್ಚಲ್ಲ. ಅವಳು ನನ್ನ ಮೈದುನನನ್ನು ಮದುವೆಯಾಗಿ ಹಾಲಾಡಿ ಕಡೆಯಿಂದ ನಮ್ಮ ಮನೆಗೆ ಬಂದ ದಿನ ಹೊತ್ತಿಕೊಂಡದ್ದು, ಆರಲೇ ಇಲ್ಲ.

ನಮ್ಮ ಮನೆ ತ್ರಾಸಿಯಲ್ಲಿ, ಹೈವೇ ದಾಟಿ ಕಡಲಿನ ಬದಿಗೆ ಇಳಿದರೆ ಸಿಗುತ್ತದೆ. ಮೀನುಗಾರಿಕೆಯವರು ನಾವು. ಗಂಡ, ಮೈದುನ ಇಬ್ಬರೂ ಒಂದೇ ಬೋಟಿಗೆ ಹೋಗುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ಮೀನು ಬುಟ್ಟಿ ಹೊತ್ತು ಮನೆಮನೆಗೆ ಮಾರಲು ಹೋಗುತ್ತಿದ್ದೆ. ಬುಟ್ಟಿ ಹೊರುವ ಆ ಕಾಲದಲ್ಲೇ ನನ್ನ ಎರಡು ಬಸಿರು ಹೋದವು. ಮೊದಲನೆಯದು ಹೋದಾಗ ಅತ್ತೆ, "ಹೋಪ್ದ್ ಹೋಯ್ತ್. ಇನ್ನೊಂದ್ ಆತ್ತ್" ಅಂದರು. ಎರಡನೆಯದು ಹೋದಾಗ ಅಷ್ಟೂ ಅನ್ನಲಿಲ್ಲ. ಮೆಣಸಿನ ಸಾರು ಮಾಡಿಕೊಟ್ಟರು, ನಾನು ಎದ್ದು ಓಡಾಡುವಂತಾದ ಮೇಲೆ ಬುಟ್ಟಿ ತೊಳೆದು ಅಂಗಳದಲ್ಲಿ ಕವುಚಿಟ್ಟರು. ಆಮೇಲೆ ನನಗೆ ಬಸಿರು ಆಗಲೇ ಇಲ್ಲ.

ಬುಟ್ಟಿಯ ಸಹವಾಸ ಸಾಕಾಗಿ ನಾನು ಹೊಲಿಗೆ ಕಲಿತೆ. ಈಗ ಹೈವೇ ಬದಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ, ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಕೈ ಚೆನ್ನಾಗಿದೆ ಅಂತ ಊರಲ್ಲಿ ಹೆಸರೂ ಇದೆ. ಹೊಟ್ಟೆಕಿಚ್ಚಿನವಳ ಕೈ ಅಂತ ಯಾರೂ ಬಟ್ಟೆ ವಾಪಸ್ ತೆಗೆದುಕೊಂಡು ಹೋದದ್ದಿಲ್ಲ.

ಓರಗಿತ್ತಿಯ ತಲೆಗೆ ಮಾತ್ರ ಬುಟ್ಟಿಯ ಅಂಚೂ ತಾಗಲಿಲ್ಲ. "ಈಗಿನ್ ಹೆಣ್ಮಕ್ಳಿಗೆ ಅದೆಲ್ಲ ಆತಿಲ್ಲೆ" ಅಂತ ಅತ್ತೆಯೇ ತೀರ್ಪು ಕೊಟ್ಟಾಯಿತು. ನಾನೇನು ಹಿಂದಿನ ಯುಗದವಳಾ? ಮೊನ್ನೆ ಮೊನ್ನೆ ಬಂದವಳಲ್ಲವಾ? ಹೀಗೆ ಒಳಗೊಳಗೇ ಕೇಳಿಕೊಳ್ಳುತ್ತ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳೆಲ್ಲ ಸೊಟ್ಟಗಾದದ್ದು ಅವಳು ಬಂದ ಮೇಲೆಯೇ.

ಆ ಮಳೆಗಾಲದಲ್ಲಿ ಅತ್ತೆಯ ಮುದ್ದು ಮಿತಿಮೀರಿತು. ಬೋಟು ದಡ ಹತ್ತಿ ಗಂಡಸರು ಮನೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದರು. ಅಪರೂಪಕ್ಕೆ ಹೊಳೆಮೀನು ಸಿಕ್ಕಿದರೆ ನಡುವಿನ ತುಂಡು ಅವಳ ಬಟ್ಟಲಿಗೆ. ನೀರು ಸೇದುವುದು ಬೇಡ, ಅಂಗಳ ಪಾಚಿ ಹಿಡಿದಿದೆ, ಹೊರಗೆ ಕಾಲಿಡುವುದು ಬೇಡ. ಮಧ್ಯಾಹ್ನ ಮಲಗು. ಅವಳೂ ಮಲಗುತ್ತಿದ್ದಳು, ನಾಚಿಕೆಯಿಲ್ಲದೆ! ನಾನು ಅಂಗಡಿಯಿಂದ ಊಟಕ್ಕೆ ಬಂದರೆ ನನ್ನ ಪಾಲಿಗೆ ಮೀನಿನ ಬಾಲ. ಹೊಟ್ಟೆ ತುಂಬಿಸಿಕೊಳ್ಳುವುದಕ್ಕಿಂತ ಹೊಟ್ಟೆ ಉರಿಸಿಕೊಂಡದ್ದೇ ಹೆಚ್ಚು.

ಅಷ್ಟು ಸಾಲದು ಅಂತ ಒಂದು ದಿನ ಅವಳು ತನ್ನ ಬ್ಲೌಸುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಕುಂದಾಪುರದ ಯಾವುದೋ ಟೈಲರಿಗೆ ಕೊಟ್ಟು ಬಂದಳು. ಹೊಲಿಗೆ ಅಂಗಡಿ ಇಟ್ಟುಕೊಂಡವಳು ನಾನು ಮನೆಯಲ್ಲೇ ಇರುವಾಗ! ಆ ದಿನ ನಾನು ಅಂಗಳದಲ್ಲಿ ನಿಂತು ಬಾಯಿ ಮಾಡಿದ್ದು ಮೂರು ಮನೆ ಆಚೆಗೂ ಕೇಳಿತ್ತು.

"ಹ್ವಾಯ್, ನನ್ ಕೈಗೆ ಎಂತ ಆಯಿತ್? ಕುಷ್ಠ ಹಿಡ್ದಿತಾ? ಊರಿಗೆಲ್ಲ ಹೊಲೂಕೆ ಆತ್ತ್, ನಿಂಗ್ ಆತಿಲ್ಯಾ?"

ಅವಳು ಬಾಗಿಲ ಮರೆಯಲ್ಲಿ ನಿಂತು, "ಹಾಂಗಲ್ಲ ಅಕ್ಕ" ಅಂದಳು. ಅತ್ತೆ ಮಧ್ಯೆ ಬಂದು, "ಸುಮ್ನಿರ್ ಹೆಣೆ, ಬ್ಲೌಸಿಗೆಲ್ಲ ಎಂತ ಜಗ್ಳ" ಅಂತ ನನ್ನನ್ನೇ ಗದರಿದರು. ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ನಿಂತು ಮುಸಿಮುಸಿ ನಗುತ್ತಿದ್ದಳು. ಯಾಕೆ ನಗುತ್ತಾಳೆ ಅಂತ ಆಗ ನನಗೆ ಅರ್ಥವಾಗಲಿಲ್ಲ.

ಆಮೇಲೆ ಆಸಾಡಿ ಅಮಾಸೆ ಬಂತು. ಆ ದಿನ ನಮ್ಮ ಕಡೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯಬೇಕು. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ಮರದ ತೊಗಟೆ ಎಬ್ಬಿಸಿ ತರುತ್ತಾರೆ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಚುಯ್ ಅನ್ನಿಸುತ್ತಾರೆ. ಕಹಿ ಅಂದರೆ ಎಂಥ ಕಹಿ! ಕುಡಿದ ಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ. ವರ್ಷವಿಡೀ ರೋಗ ಬರುವುದಿಲ್ಲ ಅಂತ ನಂಬಿಕೆ.

ನಮ್ಮ ಮನೆಯಲ್ಲಿ ಹಿರಿಸೊಸೆ ಹಂಚುವುದು ಕ್ರಮ, ಎಲ್ಲರೂ ಅವಳ ಕಣ್ಣೆದುರೇ ಕುಡಿದು ಲೋಟ ಕೆಳಗಿಡಬೇಕು. ಶೀತ, ಜ್ವರ ಅಂತ ಯಾರಿಗೂ ವಿನಾಯಿತಿ ಇಲ್ಲ. ಬಸುರಿಗೊಬ್ಬಳಿಗೆ ಮಾತ್ರ ಕೊಡುವುದಿಲ್ಲ, ಅದು ಗರ್ಭಕ್ಕೆ ಆಗದು ಅಂತ. ಹಾಗಾಗಿ ಮದುವೆಯಾದ ಹೆಣ್ಣು ಆ ದಿನ ಲೋಟ ಮುಟ್ಟದಿದ್ದರೆ ತಾನು ಬಸುರಿ ಅಂತ ಬಾಯಿ ಬಿಟ್ಟು ಹೇಳಿದ ಹಾಗೆಯೇ. ಬಸಿರು ನಿಂತ ಎರಡು ಮಳೆಗಾಲ ನಾನೂ ಲೋಟ ಮುಟ್ಟಿರಲಿಲ್ಲ. ಉಳಿದ ಎಲ್ಲ ವರ್ಷ ಕುಡಿದಿದ್ದೇನೆ.

ನಾನು ಸಾಲಾಗಿ ಲೋಟ ಇಟ್ಟು ಹೊಯ್ಯುತ್ತ ಬಂದೆ. ಗಂಡ ಕುಡಿದರು, ಮೈದುನ ಕುಡಿದ. ಓರಗಿತ್ತಿಯ ಲೋಟಕ್ಕೆ ಹೊಯ್ಯುವಾಗ ಅತ್ತೆ ಒಲೆಯ ಹತ್ತಿರದಿಂದಲೇ, "ಅದಕ್ಕ್ ಬ್ಯಾಡ, ಶೀತ ಆಯಿತ್ ಅಂಬ್ರ್" ಅಂದರು.

ನನ್ನ ಮೈ ಉರಿದು ಹೋಯಿತು, ಬೇರೇನೂ ಹೊಳೆಯಲಿಲ್ಲ. "ನಂಗ್ ಜ್ವರ ಬಂದಾಗ್ಳೂ ಕುಡ್ಸಿದ್ರಿ ಅಲ್ದಾ ಅತ್ತಿ? ಶೀತಕ್ಕೇ ಅಲ್ದಾ ಇದ್ನ್ ಕೊಡೂದ್? ನಂಗೊಂದ್ ಕ್ರಮ, ಅವ್ಳಿಗೊಂದ್ ಕ್ರಮವಾ?"

ಹೇಳುತ್ತ ಹೇಳುತ್ತ ಲೋಟ ತುಂಬ ಹೊಯ್ದೆ. ಉಳಿದವರಿಗೆ ಅರ್ಧ, ಅವಳಿಗೆ ಪೂರ್ತಿ. ಅವಳು ಲೋಟ ಹಿಡಿದು ಅತ್ತೆಯ ಮುಖ ನೋಡಿದಳು. ಅತ್ತೆ ಒಲೆಯ ಕಡೆ ತಿರುಗಿಕೊಂಡರು. ಒಂದು ಗಳಿಗೆ ಕಾದಳು, ಆಮೇಲೆ ಕಣ್ಣು ಮುಚ್ಚಿ ಗಟಗಟ ಕುಡಿದಳು. ಅವಳ ಮುಖ ಕಿವುಚಿದ್ದು ನೋಡಿ ನನಗೆ ಒಳಗೆ ಸಮಾಧಾನವಾಯಿತು. ಹೌದು, ಆಯಿತು. ಮೀನಿನ ನಡುವಿನ ತುಂಡು ತಿಂದ ಬಾಯಿಗೆ ಇದೂ ಸ್ವಲ್ಪ ಸಿಗಲಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮೈದುನ ರಿಕ್ಷಾ ತಂದ. ಕುಂದಾಪುರದ ಆಸ್ಪತ್ರೆಗೆ ಎಲ್ಲರೂ ಹೋದೆವು. ವರಾಂಡದಲ್ಲಿ ಕೂತಿದ್ದಾಗ ನರ್ಸು ಬಂದು, "ಮಗು ಹೋಯ್ತಮ್ಮ" ಅಂದಳು. ಯಾವ ಮಗು? ನಾನು ಸುತ್ತ ನೋಡಿದೆ, ಬೇರೆ ಯಾರಿಗೋ ಹೇಳುತ್ತಿದ್ದಾಳೆ ಅಂತ. ಅತ್ತೆ ಎದೆ ಬಡಿದುಕೊಂಡು ನನ್ನ ಕಡೆ ಬೆರಳು ಮಾಡಿದರು.

"ಮೂರ್ ತಿಂಗ್ಳ್ ತುಂಬೂಕೆ ಬಂದಿತ್ತ್! ಕುಡ್ಸಿಯೇ ಬಿಟ್ಟೆ ಅಲ್ದಾ? ತೃಪ್ತಿ ಆಯ್ತಾ ನಿಂಗ್?"

ಅವಳು ಬಸುರಿ ಅನ್ನುವುದೂ ಅವಳ ಬಸಿರು ಹೋಯಿತು ಅನ್ನುವುದೂ ನನಗೆ ಒಟ್ಟಿಗೇ ಗೊತ್ತಾಯಿತು. ಹೊಳೆಮೀನು, ಮಧ್ಯಾಹ್ನದ ನಿದ್ದೆ, ಕುಂದಾಪುರದ ಟೈಲರು, ಬೇಲಿಯ ಬಳಿಯ ನಗು ಎಲ್ಲ ಸಾಲಾಗಿ ಎದುರು ಬಂದು ನಿಂತವು. ಬ್ಲೌಸು ಸಡಿಲ ಮಾಡು ಅಂತ ನನ್ನ ಹತ್ತಿರ ತಂದಿದ್ದರೆ ನನಗೆ ತಿಳಿದುಹೋಗುತ್ತಿತ್ತಲ್ಲ, ಅದಕ್ಕೇ ಬಸ್ಸು ಹತ್ತಿದ್ದು. ಲೋಟ ಮುಟ್ಟದಿದ್ದರೂ ತಿಳಿದುಹೋಗುತ್ತಿತ್ತು, ಅದಕ್ಕೇ ಕಣ್ಣು ಮುಚ್ಚಿ ಕುಡಿದದ್ದು. ಕೇರಿಗೆಲ್ಲ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು, ಕಳ್ಳ! ಒಂದೇ ಒಲೆಯ ಅನ್ನ ತಿನ್ನುವ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು.

ಡಾಕ್ಟರು, ಕಷಾಯದಿಂದಲೇ ಹೀಗಾಯಿತು ಅಂತ ಹೇಳಲಿಕ್ಕಾಗುವುದಿಲ್ಲ, ಮೊದಲ ತಿಂಗಳುಗಳಲ್ಲಿ ಸುಮ್ಮನೆಯೂ ಹೋಗುತ್ತದೆ, ಆದರೆ ಬಸುರಿಗೆ ಅದನ್ನು ಕೊಡಲೇಬಾರದಿತ್ತು ಅಂದರು. ಜನ ಆ ಕೊನೆಯ ಮಾತನ್ನು ಮಾತ್ರ ಮನೆಗೆ ತಂದರು. ಹಾಲಾಡಿಯಿಂದ ಅವಳ ಅಣ್ಣ ಬಂದವನು ನನ್ನ ಮುಖವನ್ನೂ ನೋಡದೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ. ಮಕ್ಕಳಿಲ್ಲದ ಹಿರಿಸೊಸೆ ಹೊಟ್ಟೆಕಿಚ್ಚಿನಿಂದ ಬೇಕಂತಲೇ ಮದ್ದು ಕುಡಿಸಿ ತನ್ನ ತಂಗಿಯ ಗರ್ಭ ತೆಗೆಸಿದಳು ಅಂತ. ಅಂಗಳದಲ್ಲಿ ನಾನು ಬ್ಲೌಸಿಗಾಗಿ ಕೂಗಾಡಿದ್ದಕ್ಕೆ ಬೇಕಾದಷ್ಟು ಸಾಕ್ಷಿ ಇತ್ತು.

ಗಂಡ ನನ್ನನ್ನು ಕುಂದಾಪುರದ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಕೀಲರು ಕನ್ನಡಕ ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದರು. ಹೆಂಗಸಿನ ಒಪ್ಪಿಗೆ ಇಲ್ಲದೆ ಬೇಕಂತಲೇ ಗರ್ಭ ಹೋಗುವ ಹಾಗೆ ಮಾಡಿದರೆ ಜೀವಾವಧಿವರೆಗೂ ಹೋಗಬಹುದಂತೆ. ಕಾನೂನಿನ ಹೆಸರು ಹೊಸದಾಗಿದೆ, ಸೆಕ್ಷನ್ನಿನ ನಂಬರ್ ಬದಲಾಗಿದೆ, ತಿರುಳು ಹಳೆಯದೇ. ಬಸುರಿ ಅಂತ ನನಗೆ ಗೊತ್ತಿತ್ತಾ, ಇಲ್ಲವಾ? ಗೊತ್ತಿದ್ದೇ ಕೊಟ್ಟದ್ದಾ? ಎಲ್ಲ ನಿಂತಿರುವುದು ಅದರ ಮೇಲೆ.

"ಗೊತ್ತಿತ್ತಿಲ್ಲ ಅಂದೇಳಿ ಹ್ಯಾಂಗ್ ತೋರ್ಸೂದ್?" ಅಂತ ಕೇಳಿದೆ.

"ಕಷ್ಟ. ಒಂದೇ ಮನೆಯಲ್ಲಿ ಇದ್ದವರು. ಅವಳ ಮೇಲೆ ಸ್ವಂತ ತಂಗಿಯ ಹಾಗೆ ಪ್ರೀತಿ ಇತ್ತು, ಹೊಟ್ಟೆಕಿಚ್ಚೆಲ್ಲ ಇಲ್ಲ ಅಂತ ಹೇಳಿ."

"ಅದೊಂದ್ ನಂಗ್ ಹೇಳೂಕೆ ಬತ್ತಿಲ್ಲ" ಅಂದೆ. ಗಂಡ ಹಣೆ ಚಚ್ಚಿಕೊಂಡರು.

ವಕೀಲರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ಬಸುರಿ ತಾನಾಗಿಯೇ ಗರ್ಭ ಹೋಗಲಿ ಅಂತ ಮದ್ದು ತೆಗೆದುಕೊಂಡರೆ ಅವಳ ಮೇಲೂ ಕೇಸಾಗುತ್ತದೆ. ತಾನು ಬಸುರಿ ಅಂತ ಅವಳಿಗೆ ಗೊತ್ತಿತ್ತಲ್ಲ? ಕುಡಿಯಬಾರದು ಅಂತಲೂ ಗೊತ್ತಿತ್ತಲ್ಲ? ಗೊತ್ತಿದ್ದೂ ಕುಡಿದಳು ಅಂತ ನೀವು ಒಂದು ಮಾತು ಹೇಳಿದರೆ ಸಾಕು. ಕೇಸು ತಿರುಗುತ್ತದೆ."

ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಆ ಮಾತನ್ನು ಬಾಯಿಯಲ್ಲಿ ಹೊರಳಿಸಿದೆ. ಗೊತ್ತಿದ್ದೂ ಕುಡಿದಳು. ಸುಳ್ಳೇನೂ ಅಲ್ಲವಲ್ಲ! ಅವಳು ಅತ್ತೆಯ ಮುಖ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನನ್ನು ಜೈಲಿಗೆ ಕಳಿಸಲು ಹೊರಟವರು ಅವರು, ನಾನು ಯಾಕೆ ಬಾಯಿ ಮುಚ್ಚಿಕೊಂಡಿರಬೇಕು? ಅವಳಿಗೆ ಅತ್ತೆ ಇದ್ದಾರೆ, ಅಣ್ಣ ಇದ್ದಾನೆ, ಕೇರಿಯ ಕಣ್ಣೀರು ಇದೆ. ನನಗೆ ಇರುವುದು ಇದೊಂದು ಮಾತು. ಹೇಳಿಯೇ ಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ.

ಸ್ಟೇಷನ್ನಿನಲ್ಲಿ ಇದ್ದದ್ದು ಒಬ್ಬರು ಮಹಿಳಾ ಎಸ್ಸೈ. ಎಲ್ಲರನ್ನೂ ಒಟ್ಟಿಗೇ ಕೂರಿಸಿದರು. ಅವಳ ಅಣ್ಣ ಎದ್ದುನಿಂತು ನನ್ನ ಗುಣಗಾನವೆಲ್ಲ ಮಾಡಿದ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ತಲೆಯಾಡಿಸುತ್ತಿದ್ದರು. ಓರಗಿತ್ತಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು, ಬಣ್ಣವೆಲ್ಲ ಇಳಿದುಹೋದ ಮುಖ.

ಎಸ್ಸೈ ನನ್ನನ್ನು ಕೇಳಿದರು. "ಅವಳ ಮೇಲೆ ಹೊಟ್ಟೆಕಿಚ್ಚು ಇತ್ತಾ?"

"ಇತ್ತ್. ಈಗ್ಳೂ ಇತ್ತ್" ಅಂದೆ. ಗಂಡ ಪಕ್ಕದಿಂದ ಕೈ ಚಿವುಟಿದರು. ಚಿವುಟಲಿ. "ಹೊಟ್ಟಿಕಿಚ್ಚಿಗೆ ಸೆಕ್ಷನ್ ಇದ್ರೆ ಹಾಕಿ ಮೇಡಂ. ಬಸ್ರಿ ಅಂದೇಳಿ ನಂಗ್ ಗೊತ್ತಿತ್ತಿಲ್ಲ."

"ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ವಾ? ಅದೂ ಟೈಲರು ನೀವು!"

ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ದನಿ ಬಂತು. "ಅಕ್ಕಂಗೆ ಗೊತ್ತಿತ್ತಿಲ್ಲ ಮೇಡಂ. ನಾವೇ ಹೇಳ್ಲಿಲ್ಲ."

ಅವಳ ಅಣ್ಣ "ನೀ ಸುಮ್ನಿರ್" ಅಂತ ಗದರಿದ. ಎಸ್ಸೈ ಅವನನ್ನು ಕೂರಿಸಿ, "ಯಾಕೆ ಹೇಳಲಿಲ್ಲ?" ಅಂತ ಅವಳನ್ನು ಕೇಳಿದರು. ಅವಳು ನೆಲ ನೋಡಿದಳು.

"ಅಕ್ಕನ್ ಕಣ್ಣ್ ಬೀಳತ್ತ್ ಅಂದೇಳಿ. ಮೂರ್ ತಿಂಗ್ಳ್ ತುಂಬುವರಿಗೂ ಅಕ್ಕಂಗ್ ಮಾತ್ರ ಹೇಳೂದ್ ಬ್ಯಾಡ ಅಂದಿರ್."

ಯಾರು ಅಂದರು ಅಂತ ಅವಳು ಹೇಳಲಿಲ್ಲ. ಅತ್ತೆಯ ತಲೆಯಾಡುವುದು ನಿಂತಿತ್ತು. ನಾನು ಉಳಿದೆ ಅಂತ ಅರ್ಥವಾಯಿತು, ಆದರೆ ಎಂಥ ಉಳಿಯುವುದು ಅದು! ನನ್ನ ಕಣ್ಣು ಕೆಟ್ಟದ್ದು ಅಂತ ಪೊಲೀಸರ ಎದುರು ಸಾಬೀತಾದದ್ದರಿಂದ ನಾನು ನಿರಪರಾಧಿ. ಅವಳ ಮೇಲೆ ಹಾರಿ ಬೀಳಬೇಕು ಅನ್ನಿಸಿತು, ಕಾಲು ಹಿಡಿಯಬೇಕು ಅಂತಲೂ ಅನ್ನಿಸಿತು.

ಎಸ್ಸೈ ಪೆನ್ನು ಕೆಳಗಿಟ್ಟರು. "ಸರಿ. ಬಸುರಿ ಇದನ್ನ ಕುಡೀಬಾರದು ಅಂತ ನಿನಗೆ ಗೊತ್ತಿತ್ತಾ?"

ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಎಸ್ಸೈಗೆ, ನನ್ನ ಗಂಡನಿಗೆ, ಮತ್ತೆ ನನಗೆ. ಅವಳಿಗೆ ಗೊತ್ತಿರಲಿಲ್ಲ. ಪಾಪದ ಹೆಣ್ಣು, ಹೌದು ಅಂತ ತಲೆ ಆಡಿಸಲು ಕುತ್ತಿಗೆ ಎತ್ತುತ್ತಿದ್ದಳು. ನನ್ನ ಮಾತನ್ನು ಅವಳೇ ಹೇಳಿಬಿಡುತ್ತಿದ್ದಳು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

"ಅವ್ಳಿಗ್ ಎಂತದೂ ಗೊತ್ತಿತ್ತಿಲ್ಲ ಮೇಡಂ" ಅಂದೆ.

"ನಾನು ಕೇಳಿದ್ದು ಅವಳನ್ನ."

"ಗೊತ್ತಿದ್ರೆ ಕುಡಿತಿದ್ಲಾ? ಮೀನಿನ್ ನಡು ತುಂಡ್ ತಿಂದ್ಕಂಡ್, ಮಧ್ಯಾಹ್ನ ಮಲ್ಕಂಡ್, ಹೊಟ್ಟಿ ಮೇಲ್ ಕೈ ಇಟ್ಕಂಡ್ ತಿರ್ಗ್ತಿದ್ದವ್ಳ್ ಹೊಟ್ಟಿಲಿದ್ದದ್ನ್ ಬ್ಯಾಡ ಅಂಬ್ಳಾ? ಅವ್ಳಿಗ್ ಅದ್ ಎಷ್ಟ್ ಬೇಕಿತ್ತ್ ಅಂದೇಳಿ ನಂಗ್ ಈಗ್ಳ್ ಗೊತ್ತಾತ್ತ್. ದಿನಾ ಕಂಡ್ ಕಂಡ್ ಉರ್ಕಂಡವ್ಳ್ ನಾನ್. ಬೇರೆ ಯಾರನ್ನ್ ಕೇಂತ್ರಿ ನೀವ್?"

ಮಾತು ಮುಗಿಯುವಾಗ ನನ್ನ ದನಿ ನನಗೇ ಕೇಳದಷ್ಟು ಜೋರಾಗಿತ್ತು. ಅವಳು ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ತಿರುಗುತ್ತಿದ್ದಳು, ನಿಜ. ನಾನು ಅದನ್ನು ಕಂಡಿದ್ದೆ, ತಿಂದು ತಿಂದು ಹೊಟ್ಟೆ ಭಾರ ಅಂದುಕೊಂಡಿದ್ದೆ. ಎಸ್ಸೈ ಪೆನ್ನು ಎತ್ತಿಕೊಂಡರು. ಆಮೇಲೆ ಅವಳ ಅಣ್ಣನ ಕಡೆ ತಿರುಗಿ, ಬೇಕಂತ ಮಾಡಿದ್ದು ಅನ್ನಲು ಇಲ್ಲಿ ಏನಿದೆ ನೀವೇ ಹೇಳಿ, ಮನೆಯವರೇ ಮುಚ್ಚಿಟ್ಟಿದ್ದಾರೆ ಅಂದರು. ಅವನು ಗೊಣಗಿದ. ತಂಗಿಯೇ ಬೇಡ ಅಂದ ಮೇಲೆ ಅವನದೂ ನಡೆಯಲಿಲ್ಲ, ದೂರು ಮುಂದುವರಿಸುವುದಿಲ್ಲ ಅಂತ ಸಹಿ ಹಾಕಿದ.

ಎಲ್ಲರೂ ಏಳುವಾಗ ನಾನು ಏಳಲಿಲ್ಲ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಮೇಡಂ, ನಂದ್ ಎರ್ಡ್ ಹೋಯಿತ್. ಬುಟ್ಟಿ ಹೊತ್ತ್ ಹೊತ್ತ್. ಅದಕ್ಕ್ ಎಂತ ಸೆಕ್ಷನ್?"

"ಯಾವಾಗ?"

"ಹನ್ನೆರ್ಡ್ ವರ್ಷದ್ ಮೇಲಾಯ್ತ್."

"ಯಾರ ಮೇಲೆ ಹೇಳ್ತೀರಿ?"

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರ ಮುಖದಲ್ಲಿ ಹೆದರಿಕೆ ನಾನು ನೋಡಿದ್ದು ಅದೇ ಮೊದಲು. ಯಾರ ಮೇಲೆ ಹೇಳಲಿ? ಅವರೂ ಬಸುರಿಯಾಗಿ ಅದೇ ಬುಟ್ಟಿ ಹೊತ್ತವರು. ಯಾರ ಮೇಲೂ ಅಲ್ಲ ಅಂದೆ. ಹಾಗಿದ್ದರೆ ಅದು ಇಲ್ಲಿಗೆ ಬರುವುದಿಲ್ಲಮ್ಮ ಅಂತ ಎಸ್ಸೈ ಮೆತ್ತಗೆ ಹೇಳಿದರು.

ಹೊರಗೆ ಮಳೆ ಹನಿಯುತ್ತಿತ್ತು. ಅತ್ತೆ ಕೊಡೆ ಬಿಚ್ಚಿ ಓರಗಿತ್ತಿಯ ತಲೆಯ ಮೇಲೆ ಹಿಡಿದು, ಬೆನ್ನು ಬಳಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಸಿಕೊಂಡು ಹೋದರು. ಗಂಡ, ಮೈದುನ ರಿಕ್ಷಾ ಸಿಗುತ್ತದಾ ಅಂತ ಮುಂದೆ ಹೋಗಿದ್ದರು. ನಾನು ನೆನೆಯುತ್ತ ಹಿಂದೆ. ಬಿಡುಗಡೆಯಾದವಳಿಗೆ ಖುಷಿಯಾಗಬೇಕಿತ್ತು. ನನಗೆ ಆ ಕೇಸಿನ ಮೇಲೂ ಹೊಟ್ಟೆಕಿಚ್ಚು. ಅವಳದು ಹೋದದ್ದಕ್ಕೆ ಅಣ್ಣ ಓಡಿ ಬಂದ, ವಕೀಲರು ಪುಸ್ತಕ ತೆಗೆದರು, ಯಾರು ಮಾಡಿದ್ದು ಅಂತ ಸರಕಾರ ಕುರ್ಚಿ ಹಾಕಿಕೊಂಡು ಕೇಳಿತು. ನನ್ನದು ಹೋದಾಗ ಬುಟ್ಟಿ ತೊಳೆದಿಟ್ಟರು. ಅಳುವುದಾದರೂ ಹೇಗೆ? ಅತ್ತರೆ ಅದನ್ನೂ ಹೊಟ್ಟೆಕಿಚ್ಚು ಅನ್ನುತ್ತಾರೆ.

ಓರಗಿತ್ತಿ ಕೊಡೆಯಿಂದ ಹೊರಗೆ ಬಂದು ನಿಂತಳು. ಅತ್ತೆ "ಹೆಣೆ, ಒದ್ದಿ ಆಗ್ಬೇಡ" ಅಂತ ಎಳೆದರೂ ಬರಲಿಲ್ಲ. ನಾನು ಹತ್ತಿರ ಬರುವವರೆಗೆ ಕಾದಳು. ಕ್ಷಮಿಸಿ ಅನ್ನುತ್ತಾಳೆ, ಒಂದು ಮಾತು ಬಿಗಿಯಾಗಿ ಕೊಡೋಣ ಅಂತ ನಾನು ತಯಾರಾಗಿದ್ದೆ.

"ಅಕ್ಕ, ನಿಮ್ದ್ ಹೋಪತಿಗೆ ಎಷ್ಟ್ ತಿಂಗ್ಳ್ ಆಗಿತ್ತ್?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ನನ್ನ ಹೆತ್ತಬ್ಬೆ ಕೇಳಿರಲಿಲ್ಲ. ಕೇಳುವವಳು ಇವಳೇ ಆಗಬೇಕಿತ್ತಾ, ಮೈ ಇನ್ನೂ ಹಸಿಯಿರುವ ಇವಳು? ಅದಕ್ಕೂ ಒಂದು ಗಳಿಗೆ ಉರಿ ಬಂತು. ಅತ್ತೆ ಕೊಡೆ ಹಿಡಿದುಕೊಂಡು ರಸ್ತೆಯ ಆಚೆ ಬದಿ ನೋಡುತ್ತಿದ್ದರು.

"ಮೊದ್ಲಿಂದ್ ಮೂರ್" ಅಂದೆ. "ಎರ್ಡ್ನೇದ್ ಐದ್ ತುಂಬಿತ್ತ್."

ಅವಳು ಇನ್ನೂ ಇದೆ ಅಂತ ಗೊತ್ತಿದ್ದವಳ ಹಾಗೆ ನಿಂತಿದ್ದಳು.

"ಕೈಬೆರ್ಳೆಲ್ಲ ಆಗಿತ್ತ್" ಅಂದೆ.